ಕ್ಯಾಮೆರಾದ ಹಣೆ

ಬೆಳಗಾದರೆ ಕೊಕ್ಕರೆ ಮೇಷ್ಟ್ರ ಬಳಿ ಫೋಟೋ ತೆಗೆಯುವ ಮೊದಲ ಪಾಠ ಅಂತ ಕರಡಿ ಜಾಂಬಣ್ಣನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಂದೇ ಒಂದು ಒಳ್ಳೆ ಫೋಟೋ ಬಾರದಿದ್ದರೆ ಮನೆಗೆ ಕಳಿಸುವುದು ಮೇಷ್ಟ್ರ ಕಟ್ಟಳೆ. ಯಾವುದಕ್ಕೂ ಇರಲಿ ಅಂತ ಹೊಸ ಕ್ಯಾಮೆರಾವನ್ನು ಮಣೆಯ ಮೇಲೆ ಕೂರಿಸಿ, ಊದುಬತ್ತಿ ಬೆಳಗಿ, ಅದರ ಗಾಜಿಗೆ ಹೆಬ್ಬೆರಳಗಲ ಕುಂಕುಮ ಬಳಿದ.

“ಅಣ್ಣಾ, ಅದು ನನ್ನ ಕಣ್ಣು!” ಅಂತು ಕ್ಯಾಮೆರಾ.

“ಸುಮ್ನಿರು, ಪೂಜೆ ಹೊತ್ತಲ್ಲಿ ಮಾತಾಡಬಾರದು.”

ಪಾಠದಲ್ಲಿ ಮೇಷ್ಟ್ರು ಒಂಟಿಕಾಲಲ್ಲಿ ನಿಂತರು, ಜಾಂಬಣ್ಣ ಗುಂಡಿ ಒತ್ತಿದ. ಚಿತ್ರದಲ್ಲಿ ಮೇಷ್ಟ್ರು ಓಕುಳಿ ಹಂಡೆಗೆ ಬಿದ್ದೆದ್ದ ಹಾಗೆ ಕೆಂಪಗೆ, ಮಸುಕಾಗಿದ್ದರು.

“ಇದೇನಯ್ಯಾ? ಗಾಜು ಒರೆಸು, ಇಲ್ಲ ಮನೆಗೆ ನಡಿ!”

“ಇಟ್ಟ ಕುಂಕುಮ ಒರೆಸಬಾರದು ಸ್ವಾಮಿ.” ಜಾಂಬಣ್ಣನಿಗೆ ಅಳುವೇ ಬಂತು.

“ಒರೆಸಬೇಡ ಮಾರಾಯ, ಮೇಲಕ್ಕೆ ಸರಿಸು. ನನಗೂ ಹಣೆ ಅಂತ ಒಂದಿದೆ,” ಅಂತು ಕ್ಯಾಮೆರಾ.

ಜಾಂಬಣ್ಣ ಹಾಗೇ ಮಾಡಿ ಮತ್ತೆ ಗುಂಡಿ ಒತ್ತಿದ. ಈ ಸಲ ಎಲ್ಲ ನಿಚ್ಚಳವಾಗಿ ಬಂತು: ಮೇಷ್ಟ್ರ ಕತ್ತಿನ ಸುಕ್ಕೂ, ಕೊಕ್ಕಿಗಂಟಿದ ಮೀನಿನ ಬಾಲವೂ. ಮೇಷ್ಟ್ರು ಬಹಳ ಹೊತ್ತು ನೋಡಿದರು.

“ಪಾಸಾದೆ,” ಅಂದರು. ಆಮೇಲೆ ರೆಕ್ಕೆಯಿಂದ ಕತ್ತಿನ ಸುಕ್ಕು ಮುಚ್ಚಿಕೊಂಡು, ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: “ಆ ಕುಂಕುಮ ಇನ್ನೂ ಮಿಕ್ಕಿದೆಯೇನಯ್ಯಾ?”