ಕೋಳಿ ಕೇಳಿದ ಕೊಸರು

ಬಿದಿರು ಮೆಳೆಯ ಬುಡದಲ್ಲಿ ಕಾವಿಗೆ ಕೂತಿದ್ದ ಚೆಲುವಮ್ಮನೆಂಬ ಕೋಳಿಗೆ ಹಸಿವು ತಡೆಯಲಾಗಲಿಲ್ಲ. ಮೊಟ್ಟೆ ಒಡೆಯಲು ಒಂದೇ ದಿನ ಬಾಕಿಯಿತ್ತು. ಮೊಟ್ಟೆಗಳಿಗೆ ಎಲೆ ಹೊದಿಸಿ, ಎದುರಿಗಿದ್ದ ಹೆಗ್ಗಣದ ಸೂಪರ್ ಮಾರ್ಕೆಟ್ಟಿಗೆ ಓಡಿದಳು. ಅಲ್ಲಿ ಗಿರಾಕಿಗಳೇ ಬೇಕಾದ್ದನ್ನು ಆರಿಸಿಕೊಳ್ಳಬೇಕು. ಅವಳು ಒಂದು ಪಾವು ನವಣೆ ಆರಿಸಿ ತಂದಳು.

"ಎರಡು ಗರಿ ಕೊಡಿ, ಅಮ್ಮಾವ್ರೇ," ಎಂದಿತು ಹೆಗ್ಗಣ.

"ಎರಡು ಗರಿಯೇ! ಕೆರೆಯಾಚೆಯ ಸಂತೆಯಲ್ಲಿ ಗಿಳಿ ಒಂದೇ ಗರಿಗೆ ಇಷ್ಟು ಅಳೆದು, ಮೇಲೊಂದು ಹಿಡಿ ಕೊಸರನ್ನೂ ಹಾಕುತ್ತಾಳೆ. ನಿನ್ನ ಕೊಸರೆಲ್ಲಿ?"

"ನಮ್ಮಲ್ಲಿ ಕೊಸರಿನ ಪದ್ಧತಿ ಇಲ್ಲ."

"ಕೊಸರಿಲ್ಲದ ವ್ಯಾಪಾರ ನಮ್ಮ ವಂಶದಲ್ಲೇ ಇಲ್ಲ. ನಾನು ಸಂತೆಗೇ ಹೋಗುತ್ತೇನೆ," ಎಂದು ಚೆಲುವಮ್ಮ ಕೊರಳೆತ್ತಿ ಬಾಗಿಲತ್ತ ನಡೆದಳು.

"ಧಾರಾಳವಾಗಿ ಹೋಗಿ. ಗಿಳಿ ಒಳ್ಳೆಯವಳು, ಅವಳ ಅಳತೆಯೂ ಒಳ್ಳೆಯದು. ಆದರೆ ನೀವು ಬರುವವರೆಗೆ ಮೊಟ್ಟೆಗಳನ್ನು ಬೆಚ್ಚಗಿಡಲು ಯಾರಿಗೆ ಹೇಳಿದ್ದೀರಿ?"

ಚೆಲುವಮ್ಮ ಹೊಸ್ತಿಲಲ್ಲೇ ನಿಂತಳು. ಕೆರೆಯಾಚೆ ಹೋಗಿ ಬರಲು ಅರ್ಧ ದಿನ ಬೇಕು. ಬಾಲದಿಂದ ಎರಡು ಗರಿ ಕಿತ್ತು ಹೆಗ್ಗಣದ ಮುಂದಿಟ್ಟಳು.

"ಮರಿಗಳು ನಡೆಯಲು ಕಲಿತ ಮೇಲೆ ನಾನು ಸಂತೆಗೇ ಹೋಗುವವಳು, ತಿಳಿದಿರಲಿ."

"ತಿಳಿದೇ ಇದೆ, ಅಮ್ಮಾವ್ರೇ."

ಗೂಡಿಗೆ ಬಂದು ಮೊಟ್ಟೆಗಳನ್ನು ರೆಕ್ಕೆಯಡಿ ಸೇರಿಸಿಕೊಂಡಳು. ಅವು ಇನ್ನೂ ಬೆಚ್ಚಗಿದ್ದವು. ಒಂದರೊಳಗಿಂದ ಆಗಲೇ ಟಕಟಕ ಸದ್ದು ಬರುತ್ತಿತ್ತು.

ಕೆರೆಗೆ ಹೊರಟಿದ್ದ ಬಾತುಕೋಳಿ ಇಣುಕಿ ನಕ್ಕಿತು. "ಏನಕ್ಕಾ, ಬಾಲ ಬೋಳಾಗಿದೆಯಲ್ಲ! ಆ ಹೆಗ್ಗಣ ಕೊಸರನ್ನಾದರೂ ಕೊಟ್ಟನೇ?"

"ಕೊಟ್ಟ," ಎಂದಳು ಚೆಲುವಮ್ಮ. "ರೆಕ್ಕೆಯ ಕೆಳಗಿದೆ."