ಮರಿಗಳನ್ನು ಬಿಟ್ಟು ಕೂತ ಮೊಲ

ಬರೀ ದಪ್ಪಗಾಗಿದೆ ಎಂದು ಮನೆಯವರು ನಂಬಿದ್ದ ಸಾಕುಮೊಲ ಒಂದು ಮುಂಜಾನೆ ಐದು ಮರಿ ಹಾಕಿತು. ಹಾಲೂಡಿಸಿ, ಹುಲ್ಲಿನಲ್ಲಿ ಮುಚ್ಚಿಟ್ಟು, ತಾನು ಕೊಟ್ಟಿಗೆಯ ಇನ್ನೊಂದು ಮೂಲೆಗೆ ಹೋಗಿ ಕೂತಿತು. ಅಲ್ಲೇ ಕಾವಿಗೆ ಕೂತಿದ್ದ ಹೇಂಟೆಗೆ ಮೈ ಉರಿಯಿತು.

"ಹೆತ್ತರಾಯಿತೇ? ಮರಿಗಳನ್ನು ಬೆಚ್ಚಗಿಡುವವರು ಯಾರು?" ಎಂದು ಕೂಗಾಡಿತು.

ಆ ಕೂಗಿಗೆ ಬೆಕ್ಕು ಬಂತು. ತಾಯಿಯಿದ್ದಲ್ಲೇ ಮರಿಗಳಿರಬೇಕೆಂದು ನೇರ ಮೊಲದ ಮುಂದೆ ನಿಂತು, "ಏಳು, ನೋಡೋಣ" ಎಂದಿತು.

ಮೊಲ ಎದ್ದು ನಿಂತಿತು. ಅಡಿಯಲ್ಲಿ ಬರೀ ನೆಲ.

"ಮರಿಯೂ ಇಲ್ಲ, ಗಿರಿಯೂ ಇಲ್ಲ" ಎಂದು ಗೊಣಗುತ್ತ ಬೆಕ್ಕು ಹೊರಟುಹೋಯಿತು.

ಮೊಲ ಎದ್ದಾಗ ಅದರ ಎದೆ ಬೋಳಾಗಿದ್ದದ್ದು ಹೇಂಟೆಗೆ ಕಂಡಿತ್ತು. ಹುಲ್ಲು ಸರಿಸಿ ಇಣುಕಿದರೆ, ಮರಿಗಳು ಆ ಎದೆಯ ತುಪ್ಪಳದಲ್ಲೇ ಬೆಚ್ಚಗೆ ಮಲಗಿದ್ದವು. ಹೇಂಟೆ ತನ್ನೊಂದು ಗರಿ ಕಿತ್ತುಕೊಂಡಿತು.

"ಅಕ್ಕಾ, ಒಂದು ಕಿತ್ತದ್ದಕ್ಕೇ ಪ್ರಾಣ ಹೋದಂತಾಯಿತು. ಇದನ್ನೂ ಹಾಸು."