ಆಳೆತ್ತರದ ಬೆಂಡೆ

“ಗುರುಗಳೇ, ಇನ್ನು ಯಾವ ಗ್ರಂಥ ಓದಲಿ?” ಎಂದು ಮರುಳಯ್ಯ ಕೇಳಿದ.

ತನ್ನೂರಿನ ಮಕ್ಕಳಿಗೆ ನಾಲ್ಕಕ್ಷರ ಹೇಳಿಕೊಡುವಷ್ಟು ಕಲಿತು ಬರುತ್ತೇನೆಂದು ಹೇಳಿ ಮಠ ಸೇರಿದವನು ಅವನು. ಊರಿನ ಹಿರಿಯರು ಕರೆಯಲು ಬಂದಾಗಲೆಲ್ಲ, ಇನ್ನೂ ಸ್ವಲ್ಪ ಓದುವುದಿದೆ ಎಂದು ಹಿಂದಕ್ಕೆ ಕಳಿಸಿದ್ದ. ಆ ದಿನವೂ ಅವರು ಬಂದು ಮಠದ ಜಗಲಿಯಲ್ಲಿ ಕೂತಿದ್ದರು. ಈ ಸಲವೂ ಅವನು ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು.

“ಮೊದಮೊದಲು ಓದಿದಾಗ ತಲೆ ತಿಳಿಯಾಯಿತು. ಈಗ ಓದಿದಷ್ಟೂ ಗೊಂದಲ. ಓದು ಸಾಲದಾಗಿರಬೇಕು,” ಎಂದ.

ಗುರುಗಳು ಹೇಳಿದರು:

ಒಬ್ಬ ರೈತ ಇನ್ನೊಬ್ಬರ ಹೊಲವನ್ನು ಪಾಲಿಗೆ ಹಿಡಿದು ಬೆಂಡೆ ಹಾಕಿದ. ಮೊದಲ ಕೊಯ್ಲನ್ನು ಹೊಲದ ಧಣಿಯ ಬುಟ್ಟಿಗೆ ತುಂಬಿ ಕೊಡುವುದು ಆ ಊರಿನ ಪದ್ಧತಿ. ಬೆಳೆ ಕೈಕೊಟ್ಟರೆ ಹೊಲವೂ ಕೈಬಿಟ್ಟಂತೆ.

ಗಿಡ ಗೇಣುದ್ದ ಬಂದು ಅಲ್ಲೇ ನಿಂತಿತು. ಎಲೆ ಹಳದಿಯಾಯಿತು. ರೈತ ಹೆದರಿ ಬುಡಕ್ಕೆ ಯೂರಿಯಾ ಹಾಕಿ ನೀರು ಕಟ್ಟಿದ. ವಾರದೊಳಗೆ ಎಲೆ ಹಸಿರಾಯಿತು. ಅವನಿಗೆ ಹೋದ ಜೀವ ಬಂದಂತಾಯಿತು. ಮತ್ತೊಮ್ಮೆ ಹಾಕಿದ. ಗಿಡ ಎದೆಮಟ್ಟ ಬಂತು. ದಾರಿಹೋಕರು ನಿಂತು ನೋಡಿ, ಬೆಳೆ ಅಂದರೆ ಇದು ಎಂದರು. ಹೊಗಳಿಕೆ ಯಾರಿಗೆ ಬೇಡ? ಇನ್ನೂ ಒಮ್ಮೆ ಹಾಕಿದ.

ಆಮೇಲೆ ಅವನಿಗೆ ತಲೆ ಕೆಟ್ಟಿತು. ಪಕ್ಕದ ಹೊಲದ ಕುಳ್ಳ ಗಿಡಗಳಲ್ಲಿ ಕಾಯಿ ಬಿಟ್ಟಿತ್ತು. ತನ್ನ ಗಿಡದಲ್ಲಿ ಹುಡುಕಿದರೂ ಅಲ್ಲೊಂದು ಇಲ್ಲೊಂದು ಹೂವು. ಗಿಡ ಸೊರಗಿದ್ದರೆ ಅರ್ಥವಾದೀತು. ಇಷ್ಟು ಸೊಂಪಾಗಿದ್ದೂ ಕಾಯಿ ಯಾಕಿಲ್ಲ? ಹೊಟ್ಟೆಗೆ ಸಾಲದೆ ಹೀಗಾಗಿರಬೇಕು ಎಂದುಕೊಂಡ, ಥೇಟ್ ನಿನ್ನ ಹಾಗೆಯೇ. ಎಲೆ ಹಳದಿಯಾದಾಗ ನಾಟಿದ ಮದ್ದು ಈಗಲೂ ನಾಟೀತು ಎಂದು ಮತ್ತೆ ಹಾಕಿದ. ಗಿಡಕ್ಕೇನು, ಕೊಟ್ಟಷ್ಟೂ ತಿಂದಿತು. ತಿಂದಷ್ಟೂ ಎಲೆ ಬಿಟ್ಟು ಆಳೆತ್ತರ ನಿಂತಿತು.

ಕೊಯ್ಲಿನ ದಿನ ಧಣಿ ಬುಟ್ಟಿ ಹಿಡಿದು ಬಂದ. ಸಾಲಿನೊಳಗೆ ಹೊಕ್ಕರೆ ಅವನ ರುಮಾಲೂ ಕಾಣಲಿಲ್ಲ. ಬಹಳ ಹೊತ್ತಿನ ಮೇಲೆ ಕೈ ತುರಿಸಿಕೊಳ್ಳುತ್ತ ಹೊರಗೆ ಬಂದ. ಬುಟ್ಟಿಯ ತಳವೂ ಮುಚ್ಚಿರಲಿಲ್ಲ.

“ಏನಯ್ಯಾ, ದನಕ್ಕೆ ಮೇವು ಬೆಳೆದಿದ್ದೀಯಾ?”

“ಇನ್ನೊಂದು ಸಲ ಗೊಬ್ಬರ ಬೀಳಲಿ ಧಣಿ, ಕಾಯಿ ಕಚ್ಚುತ್ತೆ.”

ಧಣಿ ಬುಟ್ಟಿ ಎತ್ತಿಕೊಂಡು ಹೊರಟ. ಮುಂದಿನ ಹಂಗಾಮಿಗೆ ಹೊಲ ಬೇರೆಯವರ ಕೈಗೆ ಹೋಯಿತು. ತಾನು ಕಡಿಮೆ ಮಾಡಿದ್ದಾದರೂ ಏನು ಎಂದು ಆ ರೈತ ಪಾಪ ಇವತ್ತಿಗೂ ಸಿಕ್ಕವರನ್ನೆಲ್ಲ ಕೇಳುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಇದ್ದ ಗೊಂದಲದ ಮೇಲೆ ಇನ್ನೊಂದು ಸೇರಿಕೊಂಡಿತು.

“ಹಾಗಾದರೆ ಅವನು ಗೊಬ್ಬರ ಹಾಕಿದ್ದೇ ತಪ್ಪೇ?”

“ಹಾಕದಿದ್ದರೆ ಗಿಡವೇ ಏಳುತ್ತಿರಲಿಲ್ಲವಲ್ಲ.”

“ಅಂದರೆ ಹಾಕಿದ್ದು ಸರಿಯೇ? ನನಗೆ ಒಂದೂ ತಿಳಿಯುತ್ತಿಲ್ಲ ಗುರುಗಳೇ. ನಾನು ಇನ್ನೂ ಓದಬೇಕೋ, ಬೇಡವೋ?”

ಗುರುಗಳು ಜಗಲಿಯ ಕಡೆ ಕೈ ತೋರಿಸಿದರು.

“ಅಲ್ಲಿ ಕೂತವರು ಎಲೆ ನೋಡಿಕೊಂಡು ಹೋಗಲು ಬಂದವರಲ್ಲ, ಮರುಳಯ್ಯ.”